ಶುಶ್ರೂಷೆಯೂ ಯಂತ್ರಸಾಧನವೂ

೧. ಶಬ್ದವಿಚಾರ

ರೋಗಿಯ ಬಳಿಯಲ್ಲಿದ್ದು ಅವನ ಬೇಕುಬೇಡಗಳನ್ನು ನೋಡಿಕೊಳ್ಳುವ ಕಾರ್ಯಕ್ಕೆ ಕನ್ನಡದಲ್ಲಿ ನಾಲ್ಕು ಹೆಸರುಗಳು ರೂಢವಾಗಿವೆ: ಶುಶ್ರೂಷೆ, ಪರಿಚರ್ಯೆ, ಉಪಚಾರ, ಆರೈಕೆ. ಇವುಗಳಲ್ಲಿ ಮೊದಲಿನ ಮೂರು ಸಂಸ್ಕೃತದಿಂದ ಬಂದವು, ಕಡೆಯದು ಅಚ್ಚಗನ್ನಡದ್ದು. 'ಶ್ರು' ಎಂಬ ಧಾತುವಿಗೆ ಇಚ್ಛಾರ್ಥದ ಸನ್ ಪ್ರತ್ಯಯವು ಬಂದು ಶುಶ್ರೂಷಾ ಎಂಬ ಶಬ್ದವಾಗಿದೆ. 'ಕೇಳಬೇಕೆಂಬ ಇಚ್ಛೆ' ಎಂಬದೇ ಅದರ ಮೂಲಾರ್ಥ. ಗುರುವಿನ ಮಾತನ್ನು ಕೇಳಲಿಚ್ಛಿಸುವ ಶಿಷ್ಯನು ಆತನ ಸೇವೆಯನ್ನೂ ಮಾಡತಕ್ಕವನಾದ್ದರಿಂದ ಆ ಶಬ್ದವು ಸೇವೆಯೆಂಬ ಅರ್ಥಕ್ಕೆ ಹರಡಿ, ಕ್ರಮೇಣ ರೋಗಿಯ ಸೇವೆಯಲ್ಲಿ ವಿಶೇಷವಾಗಿ ನೆಲೆಗೊಂಡಿತು. ಪರಿಚರ್ಯೆಯೆಂದರೆ ಸುತ್ತಲೂ ಸುಳಿಯುವದು. ಉಪಚಾರವೆಂದರೆ ಬಳಿಗೆ ಹೋಗುವದು. ಆರೈಕೆಯು 'ಆರಯ್' ಎಂಬ ಹಳಗನ್ನಡದ ಧಾತುವಿನಿಂದ ಬಂದದ್ದು. ಆ ಧಾತುವಿಗೆ ಹುಡುಕಿ ನೋಡು, ವಿಚಾರಿಸು, ಸಲಹು ಎಂಬ ಅರ್ಥಗಳುಂಟು.

ಕೇಳುವದು, ಸುತ್ತ ಸುಳಿಯುವದು, ಬಳಿಸಾರುವದು, ನೋಡಿ ವಿಚಾರಿಸುವದು ಎಂಬ ಈ ನಾಲ್ಕು ಕ್ರಿಯೆಗಳು ಕೂಡಿದರೆ ಶುಶ್ರೂಷೆಯ ಪೂರ್ಣವಾದ ಲಕ್ಷಣವೇ ಆಗುತ್ತದೆ. ಈ ಹೆಸರುಗಳಲ್ಲಿ ಒಂದಾದರೂ ಔಷಧವನ್ನಾಗಲಿ ಉಪಕರಣವನ್ನಾಗಲಿ ಸೂಚಿಸುವದಿಲ್ಲ. ಎಲ್ಲವೂ ಮನುಷ್ಯನು ಮನುಷ್ಯನ ವಿಷಯದಲ್ಲಿ ನಡೆದುಕೊಳ್ಳುವ ರೀತಿಯನ್ನೇ ಹೇಳುತ್ತವೆ. ಆದರೆ ಇಂದು ಆಸ್ಪತ್ರೆಯಲ್ಲಿ ರೋಗಿಯ ಸುತ್ತಲೂ ಇರುವವು ಯಂತ್ರಗಳು. ಜ್ವರವನ್ನು ಅಳೆಯುವದೊಂದು, ರಕ್ತದ ಒತ್ತಡವನ್ನು ತೋರಿಸುವದೊಂದು, ಔಷಧವನ್ನು ಹನಿಹನಿಯಾಗಿ ಇಳಿಸುವದೊಂದು, ಉಸಿರನ್ನೇ ಆಡಿಸುವದಿನ್ನೊಂದು. ಆಸ್ಪತ್ರೆಯ ಮಾತು ಹಾಗಿರಲಿ. ೨೦೨೦ರ ಮಹಾಮಾರಿಯ ಕಾಲದಲ್ಲಿ ಧಾರವಾಡದ ಪಡುವಣ ಅಂಚಿನ ಕೆಲಗೇರಿಯಂಥ ಊರುಗಳ ಮನೆಮನೆಗಳಲ್ಲಿಯೂ ಬೆರಳಿಗೆ ಸಿಕ್ಕಿಸಿ ರಕ್ತದ ಪ್ರಾಣವಾಯುವನ್ನು ಅಳೆಯುವ ಪುಟ್ಟ ಸಾಧನವು ಪರಿಚಿತ ವಸ್ತುವಾಯಿತು.

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಯಂತ್ರವು ದಣಿಯದು, ಮರೆಯದು, ನಿದ್ರೆಗೆಯ್ಯದು. ಆದಕಾರಣ ಪರಿಚಾರಕನ ಕೆಲಸವನ್ನು ಕ್ರಮೇಣ ಅದಕ್ಕೊಪ್ಪಿಸಬಹುದೆಂಬದು ಒಂದು ಪಕ್ಷ. ಯಂತ್ರವು ರೋಗಿಗೂ ದಾದಿಗೂ ನಡುವೆ ಗೋಡೆಯಂತೆ ನಿಂತು ಶುಶ್ರೂಷೆಯ ಜೀವವನ್ನೇ ತೆಗೆಯುತ್ತದೆಂಬದು ಇನ್ನೊಂದು. ಇವೆರಡನ್ನೂ ಬರಿಯ ತರ್ಕದಿಂದ ತೂಗುವದಕ್ಕಿಂತ ವೈದ್ಯಶಾಸ್ತ್ರದ ವಿಭಾಗಕ್ರಮದಿಂದಲೂ ಶಾಸನಗಳಿಂದಲೂ ಸಮೀಪಕಾಲದ ಇತಿಹಾಸದಿಂದಲೂ ಪರೀಕ್ಷಿಸುವದು ಯುಕ್ತ.

೨. ಶಾಸ್ತ್ರದ ನಾಲ್ಕು ಪಾದಗಳು

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ದ್ರವ್ಯ, ಪರಿಚಾರಕ, ರೋಗಿ. ಒಂದೊಂದು ಪಾದಕ್ಕೆ ನಾಲ್ಕು ನಾಲ್ಕು ಗುಣಗಳಂತೆ ಒಟ್ಟು ಹದಿನಾರು ಗುಣಗಳಾಗುತ್ತವೆ. ವೈದ್ಯನಿಗೆ ನಿರ್ಮಲವಾದ ಶಾಸ್ತ್ರಜ್ಞಾನ, ಬಹುವಾಗಿ ಕಂಡುಂಡ ಅನುಭವ, ದಾಕ್ಷ್ಯ, ಶೌಚ. ದ್ರವ್ಯಕ್ಕೆ ಸಮೃದ್ಧಿ, ಯೋಗ್ಯತೆ, ಬಹುವಿಧವಾಗಿ ಅಳವಡಿಸಲು ಬರುವ ಗುಣ, ಕೆಡದಿರುವ ಸಂಪತ್ತು. ಪರಿಚಾರಕನಿಗೆ ಉಪಚಾರಜ್ಞಾನ, ದಾಕ್ಷ್ಯ, ರೋಗಿಯಲ್ಲಿ ಅನುರಾಗ, ಶೌಚ. ರೋಗಿಗೆ ನೆನಪು, ಹೇಳಿದಂತೆ ನಡೆಯುವದು, ಧೈರ್ಯ, ತನ್ನ ಬಾಧೆಯನ್ನು ತಿಳಿಯಹೇಳುವ ಶಕ್ತಿ. ಸುಶ್ರುತನೂ ಪರಿಚಾರಕನ ಲಕ್ಷಣವನ್ನು ಹೇಳುವಾಗ ಅವನು ಸ್ನೇಹವುಳ್ಳವನೂ ಹೇಸಿಗೆಪಡದವನೂ ಬಲಶಾಲಿಯೂ ದಣಿಯದವನೂ ಆಗಿರಬೇಕೆನ್ನುತ್ತಾನೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿಯೂ ಅನುರಾಗಕ್ಕೂ ಶೌಚಕ್ಕೂ ಸ್ಥಾನವುಂಟು.

ಈ ಪಟ್ಟಿಯನ್ನು ಸಾವಧಾನವಾಗಿ ನೋಡಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ದಾಕ್ಷ್ಯವೂ ಶೌಚವೂ ವೈದ್ಯನಿಗೂ ಪರಿಚಾರಕನಿಗೂ ಸಮಾನ. ಜ್ಞಾನವು ಇಬ್ಬರಲ್ಲಿಯೂ ಬೇರೆಬೇರೆ ರೂಪದಿಂದ ಇದ್ದೇ ಇದೆ. ಅನುರಾಗವೆಂಬದು ಮಾತ್ರ ಹದಿನಾರು ಗುಣಗಳಲ್ಲಿ ಒಂದೇ ಸಾರಿ ಬರುತ್ತದೆ. ಅದೂ ಪರಿಚಾರಕನ ಪಾಲಿಗೆ. ವೈದ್ಯನು ನಿಷ್ಕರುಣನಾಗಿರಬಹುದೆಂದು ಇದರ ತಾತ್ಪರ್ಯವಲ್ಲ. ಪರಿಚಾರಕನ ಕಾರ್ಯದಲ್ಲಿ ಅನುರಾಗವು ಭೂಷಣವಲ್ಲ, ಅಂಗವೇ ಎಂದು ತಾತ್ಪರ್ಯ.

ಹಾಗಾದರೆ ಯಂತ್ರವನ್ನು ಈ ನಾಲ್ಕು ಪಾದಗಳಲ್ಲಿ ಯಾವದರಲ್ಲಿ ಸೇರಿಸಬೇಕು? ಅದು ನೋಡುತ್ತದೆ, ಎಚ್ಚರಿಸುತ್ತದೆ, ಔಷಧವನ್ನು ಕೊಡುತ್ತದೆ. ಆದಕಾರಣ ಪರಿಚಾರಕನೇ ಎಂದು ಮೇಲ್ನೋಟಕ್ಕೆ ತೋರುವದು. ಆದರೆ ಅದಕ್ಕೆ ಅನುರಾಗವಿಲ್ಲ. ಶೌಚವನ್ನು ಅದು ತಾನೇ ಮಾಡಿಕೊಳ್ಳಲಾರದು, ಇತರರು ಅದಕ್ಕೆ ಮಾಡಬೇಕು. ನಾಲ್ಕು ಗುಣಗಳಲ್ಲಿ ಎರಡಿಲ್ಲದ್ದು ಆ ಪಾದವಾಗಲಾರದು. ಅದಕ್ಕೆ ಬೇಕಾದ ಗುಣಗಳಾದರೋ ಸಾಕಷ್ಟು ಇರುವದು, ರೋಗಿಗೆ ತಕ್ಕುದಾಗಿರುವದು, ಹಲವು ಬಗೆಯಲ್ಲಿ ಅಳವಡುವದು, ಕೆಡದಿರುವದು. ಇವು ದ್ರವ್ಯದ ಗುಣಗಳೇ. ಆದಕಾರಣ ಯಂತ್ರವು ದ್ರವ್ಯಪಾದದ್ದು. ಮಣ್ಣು, ಕೋಲು, ಚಕ್ರ, ದಾರ ಇವೆಲ್ಲ ಇದ್ದರೂ ಕುಂಬಾರನಿಲ್ಲದೆ ಗಡಿಗೆಯಾಗದೆಂಬ ದೃಷ್ಟಾಂತವನ್ನು ಚರಕಸಂಹಿತೆಯು ವೈದ್ಯನ ಪ್ರಾಧಾನ್ಯವನ್ನು ತೋರಿಸಲು ಕೊಟ್ಟಿದೆ. ಯಂತ್ರದ ಮತ್ತು ಪರಿಚಾರಕನ ಸಂಬಂಧಕ್ಕೂ ಅದು ಚೆನ್ನಾಗಿ ಒಪ್ಪುತ್ತದೆ. ಈ ವಿಭಾಗವು ಬರಿಯ ಶಬ್ದಕಲಹವಲ್ಲ. ದ್ರವ್ಯವನ್ನು ಪರಿಚಾರಕನೆಂದು ಭ್ರಮಿಸಿದಲ್ಲಿಯೂ ಪರಿಚಾರಕನ ನಾಲ್ಕು ಗುಣಗಳಲ್ಲಿ ಒಂದು ತಪ್ಪಿದಲ್ಲಿಯೂ ಜೀವಹಾನಿಯಾದ ಉದಾಹರಣೆಗಳನ್ನು ಇತಿಹಾಸವು ಒದಗಿಸುತ್ತದೆ.

೩. ಶಾಸನಗಳ ಸಾಕ್ಷ್ಯ

ಕನ್ನಡನಾಡಿನಲ್ಲಿ ರೋಗಿಗಳ ಆರೈಕೆಗೆ ಏರ್ಪಟ್ಟ ಸ್ಥಾನಗಳು ಹಳೆಯವು. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನವು, ಅದು ದೀನರಿಗೂ ಅಂಗವಿಕಲರಿಗೂ ಅನ್ನವನ್ನಿಕ್ಕುವ ಎಡೆ, ನಾನಾ ರೋಗಿಗಳಿಗೆ ಚಿಕಿತ್ಸೆಮಾಡುವ ಎಡೆ ಎಂದು ಹೊಗಳುತ್ತದೆ. ಆಂಧ್ರದೇಶದ ಮಲ್ಕಾಪುರದ ೧೨೬೧ರ ಶಾಸನವು ಗೋಳಕಿ ಮಠದವರು ನಡೆಸಿದ ಪ್ರಸೂತಿಶಾಲೆಯನ್ನೂ ಆರೋಗ್ಯಶಾಲೆಯನ್ನೂ ಹೇಳುತ್ತದೆ. ಇವೆಲ್ಲಕ್ಕಿಂತ ವಿವರವಾದದ್ದು ತಮಿಳುನಾಡಿನ ತಿರುಮುಕ್ಕೂಡಲಿನ ಶಾಸನ. ಚೋಳ ವೀರರಾಜೇಂದ್ರನ ಕಾಲದ, ಹನ್ನೊಂದನೆಯ ಶತಮಾನದ ಉತ್ತರಾರ್ಧದ ಈ ಲೇಖದಲ್ಲಿ ದೇವಾಲಯಕ್ಕೆ ಸೇರಿದ ಹದಿನೈದು ಹಾಸಿಗೆಗಳ ಆತುರಶಾಲೆಯ ವ್ಯವಸ್ಥೆಯಿದೆ: ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಮೂಲಿಕೆ ಸೌದೆಗಳನ್ನು ತಂದು ಔಷಧವನ್ನು ಸಿದ್ಧಗೊಳಿಸುವ ಇಬ್ಬರು, ರೋಗಿಗಳ ಪರಿಚರ್ಯೆಗೆ ಇಬ್ಬರು ಹೆಂಗಸರು, ಸಂಗ್ರಹಿಸಿಡಬೇಕಾದ ಔಷಧಗಳ ಹೆಸರುಗಳೂ ಉಂಟು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ವೈದ್ಯನ ಹೆಸರನ್ನು ಶಾಸನವು ಕೊಡುತ್ತದೆ. ಔಷಧಗಳ ಹೆಸರುಗಳನ್ನೂ ಕೊಡುತ್ತದೆ. ಆ ಇಬ್ಬರು ಪರಿಚಾರಿಕೆಯರಿಗೆ ಹೆಸರಿಲ್ಲ. ಕನ್ನಡದ ವೈದ್ಯಗ್ರಂಥಗಳಲ್ಲಿಯೂ ಔಷಧಯೋಗಗಳದೇ ಪ್ರಾಧಾನ್ಯ; ಮಂಗರಾಜನ ಖಗೇಂದ್ರಮಣಿದರ್ಪಣವು ವಿಷಚಿಕಿತ್ಸೆಯ ದ್ರವ್ಯಗಳ ಒಂದು ಕೋಶವೇ ಆಗಿದೆ. ದ್ರವ್ಯವನ್ನು ಎಣಿಸುವದು, ಬರೆಯುವದು ಸುಲಭ. ರಾತ್ರಿಯೆಲ್ಲ ಎಚ್ಚರವಿದ್ದವಳ ಎಚ್ಚರವನ್ನು ಎಣಿಸುವದು ಕಷ್ಟ. ಇಂದಿನ ಆಸ್ಪತ್ರೆಯ ಲೆಕ್ಕದಲ್ಲಿ ಯಂತ್ರಕ್ಕೆ ಪ್ರತ್ಯೇಕವಾದ ಪಂಕ್ತಿಯಿದ್ದು ಪರಿಚರ್ಯೆಯು ಹಾಸಿಗೆಯ ಬಾಡಿಗೆಯೊಳಗೆ ಅಡಗಿಹೋಗುವದುಂಟು. ಇದು ಆ ಹಳೆಯ ಮರೆವಿನ ಮುಂದುವರಿಕೆಯೇ ಸರಿ.

೪. ಶೌಚ: ಕೆಲಗೇರಿಯ ನೀರು, ಮುಲ್ಕೋವಾಲದ ಇಕ್ಕಳ

ಶುಶ್ರೂಷೆಗೆ ಒದಗಿದ ಸಾಧನಗಳಲ್ಲಿ ಅತ್ಯಂತ ದೊಡ್ಡದನ್ನು ಜನರು ಸಾಧನವೆಂದೇ ಎಣಿಸುವದಿಲ್ಲ. ಅದು ಶುದ್ಧವಾದ ನೀರು. ೧೮೪೭ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮೆಲ್‌ವೈಸ್ ಎಂಬ ವೈದ್ಯನು, ಶವಚ್ಛೇದನಮಾಡಿ ಬಂದ ವಿದ್ಯಾರ್ಥಿಗಳಿದ್ದ ವಿಭಾಗದಲ್ಲಿ ಸೂಲಗಿತ್ತಿಯರಿದ್ದ ವಿಭಾಗಕ್ಕಿಂತ ಬಹಳ ಹೆಚ್ಚು ಬಾಣಂತಿಯರು ಸಾಯುವದನ್ನು ಕಂಡು, ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈತೊಳೆಯುವ ನಿಯಮವನ್ನು ತಂದು ಆ ಮರಣಗಳನ್ನು ಇಳಿಸಿದನು. ಸ್ಕುಟರಿಯ ಸೈನಿಕ ಆಸ್ಪತ್ರೆಯಲ್ಲಿ ೧೮೫೪ರಿಂದ ಸೇವೆಮಾಡಿದ ಫ್ಲಾರೆನ್ಸ್ ನೈಟಿಂಗೇಲಳ ಅನುಭವವೂ ಇದನ್ನೇ ಹೇಳುತ್ತದೆ. ೧೮೫೫ರ ವಸಂತದಲ್ಲಿ ಚರಂಡಿಗಳನ್ನು ಶುದ್ಧಿಗೊಳಿಸಿದ ಮೇಲೆ ಅಲ್ಲಿಯ ಮರಣಸಂಖ್ಯೆ ಇಳಿಯಿತು. ಆಕೆ ಭಾರತಕ್ಕೆ ಎಂದೂ ಬರಲಿಲ್ಲ. ಆದರೂ ಭಾರತದ ಸೈನ್ಯದ ಆರೋಗ್ಯವನ್ನು ಕುರಿತ ೧೮೬೩ರ ರಾಜಾಯೋಗದ ವರದಿಗಾಗಿ ಈ ದೇಶದ ನೀರು ಮತ್ತು ಚರಂಡಿಗಳ ಸ್ಥಿತಿಯನ್ನು ವಿಚಾರಿಸಿ ಬರೆದಳು.

ಈ ದೃಷ್ಟಿಯಿಂದ ನೋಡಿದರೆ ಕೆಲಗೇರಿಯ ಕೆರೆಯು ಧಾರವಾಡದ ಶುಶ್ರೂಷೆಯ ಇತಿಹಾಸಕ್ಕೆ ಸೇರಿದ್ದು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಧಾರವಾಡಕ್ಕೆ ಕುಡಿಯುವ ನೀರನ್ನು ಒದಗಿಸುವದಕ್ಕಾಗಿ ಈ ಕೆರೆಯ ನಿರ್ಮಾಣವಾಯಿತು. ಮುಂಬಯಿ ಸರಕಾರದ ಸೇವೆಯಲ್ಲಿದ್ದಾಗ ಧಾರವಾಡದ ನೀರಿನ ಯೋಜನೆಯಲ್ಲಿ ಕೈಯಿಟ್ಟ ವಿಶ್ವೇಶ್ವರಯ್ಯನವರ ಹೆಸರನ್ನು ಊರವರು ಅದರೊಡನೆ ಇಂದಿಗೂ ಕೂಡಿಸಿ ಹೇಳುತ್ತಾರೆ. ಆಸ್ಪತ್ರೆಯ ದಾದಿಯು ಕೈತೊಳೆಯುವ ನೀರು, ಸೂಲಗಿತ್ತಿಯು ಕಾಯಿಸುವ ನೀರು, ಜ್ವರದವನ ಬಾಯಿಗೆ ಬಿಡುವ ನೀರು, ಇವೆಲ್ಲ ಬರಬೇಕಾದದ್ದು ಇಂಥ ಕೆರೆಯಿಂದಲೇ. ಮುಂದೆ ಮಲಪ್ರಭೆಯ ನೀರು ಪಟ್ಟಣಕ್ಕೆ ಬಂದ ಬಳಿಕ ಕೆರೆಯ ಹಿಂದಿನ ಪ್ರಯೋಜನವು ತಪ್ಪಿತು. ಈಚಿನ ವರ್ಷಗಳಲ್ಲಿ ಅದಕ್ಕೆ ಚರಂಡಿಯ ನೀರು ಸೇರುವ ವಿಷಯವಾಗಿ ದೂರುಗಳು ಕೇಳಿಬಂದವು. ಸಾಧನವು ಕಾಯುವವರಿಲ್ಲದೆ ತಾನೇ ಶುದ್ಧವಾಗಿ ಉಳಿಯದೆಂಬದಕ್ಕೆ ಬೇರೆ ದೃಷ್ಟಾಂತ ಬೇಡ.

ದೊಡ್ಡ ಕೆರೆಗೆ ಸಲ್ಲುವ ಈ ಮಾತು ಚಿಕ್ಕ ಇಕ್ಕಳಕ್ಕೂ ಸಲ್ಲುತ್ತದೆ. ೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿಯು ೧೮೯೭ರ ಜನೆವರಿಯಲ್ಲಿ ಅದರ ಲಸಿಕೆಯನ್ನು ಸಿದ್ಧಪಡಿಸಿ ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಆ ಲಸಿಕೆಯು ವಿಪುಲವಾಗಿ ಉಪಯೋಗವಾದ ಮೊದಲ ಪಟ್ಟಣಗಳಲ್ಲಿ ಹುಬ್ಬಳ್ಳಿಯೂ ಒಂದು. ೧೮೯೮ರಲ್ಲಿ, ಸುಮಾರು ೫೦,೦೦೦ ಜನವಸತಿಯ ಆ ಊರಿನಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಕೈಕೆಳಗೆ ೩೦,೦೦೦ಕ್ಕೂ ಮಿಕ್ಕಿ ಜನರು ಲಸಿಕೆ ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಸತ್ತವರ ಪ್ರಮಾಣವು ಉಳಿದವರಿಗಿಂತ ಬಹು ಕಡಿಮೆಯೆಂದು ಕಂಡುಬಂದು ಹುಬ್ಬಳ್ಳಿಯ ಅಂಕಿಗಳು ಲಸಿಕೆಯ ಪಕ್ಷದ ಪ್ರಬಲ ಪ್ರಮಾಣವಾದವು.

ಅದೇ ಲಸಿಕೆಯು ೧೯೦೨ರ ಅಕ್ಟೋಬರದಲ್ಲಿ ಪಂಜಾಬದ ಮುಲ್ಕೋವಾಲ ಎಂಬ ಹಳ್ಳಿಯಲ್ಲಿ ಬೇರೆಯೇ ಫಲವನ್ನು ಕೊಟ್ಟಿತು. ಅಂದು ೧೦೭ ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ೧೯ ಜನರು ಧನುರ್ವಾಯುವಿನಿಂದ ಸತ್ತರು. ಆ ಹತ್ತೊಂಬತ್ತು ಜನರಿಗೂ ಒಂದೇ ಬಾಟಲಿಯಿಂದ ಲಸಿಕೆ ಹೋಗಿತ್ತು. ದೋಷವು ಹಾಫ್‌ಕಿನನ ಪ್ರಯೋಗಶಾಲೆಯದೆಂದು ಮೊದಲು ನಿಶ್ಚಯಿಸಿ ಅವನನ್ನು ಕೆಲಸದಿಂದ ದೂರಮಾಡಿದರು. ಮುಂದೆ ಸಾಕ್ಷ್ಯವನ್ನು ಪುನಃ ಪರಿಶೀಲಿಸಿದಾಗ, ಬಾಟಲಿಯನ್ನು ತೆರೆಯುವ ಹೊತ್ತಿನಲ್ಲಿ ಸಹಾಯಕನ ಕೈಯಿಂದ ಇಕ್ಕಳವು ನೆಲಕ್ಕೆ ಬಿದ್ದಿತ್ತೆಂದೂ ಅದನ್ನು ತಕ್ಕಂತೆ ಶುದ್ಧಿಮಾಡದೆ ಬಳಸಲಾಗಿತ್ತೆಂದೂ ಹೊರಬಿದ್ದಿತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಬಹಿರಂಗವಾಗಿ ವಾದಿಸಿದ ಮೇಲೆ ೧೯೦೭ರಲ್ಲಿ ಹಾಫ್‌ಕಿನ್ ದೋಷಮುಕ್ತನಾದನು.

ಹುಬ್ಬಳ್ಳಿಯಲ್ಲಿ ಸಾವಿರಾರು ಜನರನ್ನು ಉಳಿಸಿದ ಲಸಿಕೆಯು ಮುಲ್ಕೋವಾಲದಲ್ಲಿ ಹತ್ತೊಂಬತ್ತು ಜನರನ್ನು ಕೊಂದದ್ದಕ್ಕೆ ಕಾರಣವು ದ್ರವ್ಯದಲ್ಲಿರಲಿಲ್ಲವೆಂದೇ ಇದರ ಅರ್ಥ. ಕಾರಣವಿದ್ದದ್ದು ಅದನ್ನು ಕೈಯಲ್ಲಿ ಹಿಡಿದವನ ಶೌಚದಲ್ಲಿ. ಸಾಧನದ ಶಕ್ತಿ ಹೆಚ್ಚಿದಷ್ಟೂ ಅಶೌಚದ ಪರಿಣಾಮವೂ ಹೆಚ್ಚುತ್ತದೆ. ಹಿಂದೆ ಒಬ್ಬನ ಕೈಯ ಕೊಳೆಯು ಒಬ್ಬ ರೋಗಿಗೆ ತಗಲುತ್ತಿದ್ದರೆ ಈಗ ಒಂದು ಬಾಟಲಿಯ ಮೂಲಕ ಹತ್ತೊಂಬತ್ತು ಮನೆಗಳಿಗೆ ತಗಲಿತು.

೫. ಅನುರಾಗ: ಪ್ಲೇಗಿನ ಕಾಲವೂ ಧಾರವಾಡದ ಮಾನಸಿಕ ಆಸ್ಪತ್ರೆಯೂ

ಪ್ಲೇಗಿನ ಆ ವರ್ಷಗಳೇ ಅನುರಾಗವೆಂಬ ಗುಣದ ಪರೀಕ್ಷೆಗೂ ಸಾಕ್ಷಿ. ೧೮೯೭ರಲ್ಲಿ ಪುಣೆಯಲ್ಲಿ ರೋಗಿಗಳನ್ನು ಹುಡುಕುವ ಕೆಲಸವನ್ನು ಸೈನಿಕರಿಗೆ ವಹಿಸಿದರು. ಮನೆ ಹೊಕ್ಕು ಶೋಧಿಸುವದು, ರೋಗಿಯನ್ನು ಬೇರ್ಪಡಿಸುವದು, ಸಾಮಾನುಗಳನ್ನು ಸುಡುವದು, ಇವು ಆ ಕಾಲದ ವಿಜ್ಞಾನಕ್ಕೆ ಸಮ್ಮತವಾದ ಉಪಾಯಗಳೇ. ಆದರೆ ನಡೆಸಿದ ರೀತಿಯಲ್ಲಿ ಜನರ ಮಾನಮರ್ಯಾದೆಯ ಎಣಿಕೆಯಿರಲಿಲ್ಲವೆಂಬ ಕೋಪವು ಭುಗಿಲೆದ್ದು, ಪ್ಲೇಗಿನ ಅಧಿಕಾರಿ ರ್‍ಯಾಂಡನು ಆ ವರ್ಷದ ಜೂನ್ ತಿಂಗಳಲ್ಲಿ ಚಾಪೇಕರ ಸಹೋದರರ ಗುಂಡಿಗೆ ಗುರಿಯಾದನು. ಜನರು ರೋಗವನ್ನು ಮುಚ್ಚಿಡತೊಡಗಿದರು. ಉಪಾಯವು ಸರಿಯಾಗಿದ್ದರೂ ಅನುರಾಗವಿಲ್ಲದ ಕೈಯಲ್ಲಿ ಅದು ತನ್ನ ಉದ್ದೇಶವನ್ನೇ ಕೆಡಿಸಿಕೊಂಡಿತು. ಅದೇ ಪುಣೆಯಲ್ಲಿ, ಅದೇ ವರ್ಷದ ಮಾರ್ಚ್ ತಿಂಗಳಲ್ಲಿ, ಸಾವಿತ್ರಿಬಾಯಿ ಫುಲೆಯವರು ರೋಗಿಯಾದ ಬಾಲಕನೊಬ್ಬನನ್ನು ತಾವೇ ಹೊತ್ತು ಚಿಕಿತ್ಸಾಲಯಕ್ಕೆ ತಂದು, ಆ ಸೋಂಕಿನಿಂದಲೇ ತೀರಿಕೊಂಡರು. ಒಂದು ಕಡೆ ಸಾಧನವುಂಟು, ಅನುರಾಗವಿಲ್ಲ. ಇನ್ನೊಂದು ಕಡೆ ಅನುರಾಗವುಂಟು, ತನ್ನ ದೇಹವನ್ನು ಕಾಯುವ ಸಾಧನವಿಲ್ಲ. ಎರಡೂ ಅಪೂರ್ಣ. ಇಂದು ದಾದಿಯ ಕೈಗವಸು ಮುಖಗವಸುಗಳನ್ನು ರೋಗಿಗೂ ಆಕೆಗೂ ನಡುವಿನ ಗೋಡೆಯೆಂದು ಹಳಿಯುವವರು ಸಾವಿತ್ರಿಬಾಯಿಯವರ ಮರಣವನ್ನು ನೆನೆಯಬೇಕು.

ಧಾರವಾಡದಲ್ಲಿ ೧೮೪೫ರಲ್ಲಿ ಪ್ರಾರಂಭವಾದ ಹುಚ್ಚಾಸ್ಪತ್ರೆಯು ಇಂದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾಗಿ, ಡಿಮ್ಹಾನ್ಸ್ ಎಂಬ ಹೆಸರಿನಿಂದ ನಡೆದಿದೆ. ಮನೋರೋಗಿಗಳ ಶುಶ್ರೂಷೆಯಲ್ಲಿ ಸಾಧನದ ಪ್ರಶ್ನೆಯು ವಿಶೇಷ ಸೂಕ್ಷ್ಮವಾದದ್ದು. ಯಾಕಂದರೆ ಇಲ್ಲಿ ರೋಗಿಯು ತನ್ನ ಬಾಧೆಯನ್ನು ತಿಳಿಯಹೇಳಲು ಅಸಮರ್ಥನಾಗಿರುವದುಂಟು, ಅವನನ್ನು ಹಿಡಿದಿಡುವ ಸಾಧನವೇ ಚಿಕಿತ್ಸೆಯೆಂಬ ಹೆಸರನ್ನು ಹೊದ್ದುಕೊಳ್ಳುವದುಂಟು. ಹತ್ತೊಂಬತ್ತನೆಯ ಶತಮಾನದ ಹುಚ್ಚಾಸ್ಪತ್ರೆಗಳಲ್ಲಿ ಸರಪಳಿಯೂ ಬೀಗವೂ ಪರಿಚಾರಕರ ಉಪಕರಣಗಳಾಗಿದ್ದವು. ೧೯೩೮ರಲ್ಲಿ ಇಟಲಿಯ ಚೆರ್ಲೆಟ್ಟಿ ಮತ್ತು ಬಿನಿ ಎಂಬವರು ವಿದ್ಯುತ್ತಿನಿಂದ ಮಿದುಳಿಗೆ ಕಂಪನವನ್ನು ಕೊಡುವ ಚಿಕಿತ್ಸೆಯನ್ನು ತಂದರು. ಅದು ಕೆಲವು ತೀವ್ರ ರೋಗಗಳಲ್ಲಿ ಗುಣಕಾರಿಯೆಂದು ನಿಂತಿತಾದರೂ ಅರಿವಳಿಕೆಯಿಲ್ಲದೆ ಪ್ರಯೋಗಿಸಿದಾಗ ಭಯಂಕರವಾಯಿತು. ಭಾರತದ ೨೦೧೭ರ ಮಾನಸಿಕ ಆರೋಗ್ಯಪಾಲನ ಕಾಯಿದೆಯು ಸರಪಳಿ ಕಟ್ಟುವದನ್ನು ಪೂರ್ಣವಾಗಿ ನಿಷೇಧಿಸಿತು. ವಿದ್ಯುತ್ ಚಿಕಿತ್ಸೆಯನ್ನಾದರೋ ನಿಷೇಧಿಸದೆ, ಅರಿವಳಿಕೆಯನ್ನೂ ಸ್ನಾಯುಗಳನ್ನು ಸಡಿಲಿಸುವ ಔಷಧವನ್ನೂ ಕೊಡದೆ ಅದನ್ನು ಮಾಡಬಾರದೆಂದು ಕಟ್ಟುಮಾಡಿತು. ಈ ವಿವೇಕವು ಲಕ್ಷ್ಯದಲ್ಲಿಡತಕ್ಕದ್ದು. ಸಾಧನವನ್ನು ತ್ಯಜಿಸಬೇಕೇ ಉಳಿಸಬೇಕೇ ಎಂಬದನ್ನು ಅದರ ಹೊಸತನದಿಂದ ನಿರ್ಣಯಿಸದೆ, ರೋಗಿಗೆ ಅದರಿಂದಾಗುವ ಹಿತದಿಂದ ನಿರ್ಣಯಿಸಿದ ಕ್ರಮವಿದು.

೬. ಉಪಚಾರಜ್ಞಾನವೂ ದಾಕ್ಷ್ಯವೂ

ಅನುರಾಗವು ಅವಶ್ಯವೆಂದ ಮಾತ್ರಕ್ಕೆ ಅದೊಂದೇ ಸಾಕೆಂದು ತಿಳಿಯಬಾರದು. ಕಳೆದ ಶತಮಾನದ ನಾಲ್ಕನೆಯ ಐದನೆಯ ದಶಕಗಳಲ್ಲಿ, ದಿನತುಂಬದೆ ಹುಟ್ಟಿದ ಶಿಶುಗಳನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಧಾರಾಳವಾಗಿ ಪ್ರಾಣವಾಯುವನ್ನು ಕೊಡುವ ಪದ್ಧತಿಯು ಪಾಶ್ಚಾತ್ಯ ದೇಶಗಳಲ್ಲಿ ಹಬ್ಬಿತು. ಶಿಶುಗಳು ಬದುಕಿದವು; ಆದರೆ ಅವುಗಳಲ್ಲಿ ಅನೇಕವು ಕುರುಡಾದವು. ಲೋಕದಲ್ಲಿ ಹೀಗೆ ದೃಷ್ಟಿಗೆಟ್ಟ ಮಕ್ಕಳು ಸುಮಾರು ೧೦,೦೦೦ ಎಂದು ಗಣನೆಯುಂಟು. ಪ್ರಾಣವಾಯುವಿನ ಆಧಿಕ್ಯವೇ ಇದಕ್ಕೆ ಕಾರಣವಿರಬೇಕೆಂದು ಶಂಕಿಸಿ ವಾಷಿಂಗ್‌ಟನ್ನಿನ ಒಂದು ಆಸ್ಪತ್ರೆಯಲ್ಲಿ ಕೆಲವು ಶಿಶುಗಳಿಗೆ ಅದನ್ನು ಕಡಿಮೆಮಾಡಿ ಪರೀಕ್ಷಿಸುತ್ತಿದ್ದಾಗ, ದಾದಿಯರು ಮಕ್ಕಳಿಗೆ ಉಸಿರು ಸಾಲದೆಂದು ಮರುಗಿ ರಾತ್ರಿಯಲ್ಲಿ ತಾವಾಗಿಯೇ ಹೆಚ್ಚಿಸುತ್ತಿದ್ದರಂತೆ. ಅವರ ಮರುಕವು ನಿಜವಾದದ್ದು. ಅದರಿಂದ ಆಗಬಹುದಾಗಿದ್ದ ಕುರುಡೂ ನಿಜವಾದದ್ದೇ. ಶಾಸ್ತ್ರವು ಅನುರಾಗಕ್ಕಿಂತ ಮೊದಲು ಉಪಚಾರಜ್ಞಾನವನ್ನು ಹೇಳಿದ್ದು ನಿರರ್ಥಕವಲ್ಲ.

ಈ ಜ್ಞಾನವನ್ನು ಕಲಿಸುವ ವ್ಯವಸ್ಥೆಯು ಭಾರತದಲ್ಲಿ ತಡವಾಗಿ ಬೆಳೆಯಿತು. ಧಾರವಾಡವು ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ೧೯೦೯ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸೇವಾಸದನವು ರಮಾಬಾಯಿ ರಾನಡೆಯವರ ನೇತೃತ್ವದಲ್ಲಿ ಸ್ತ್ರೀಯರಿಗೆ ಶುಶ್ರೂಷೆಯ ಶಿಕ್ಷಣವನ್ನು ಕೊಡಿಸಿತು. ಮೈಲಿಗೆಯ ಕೆಲಸವೆಂದು ಕುಲಸ್ತ್ರೀಯರು ದೂರವಿದ್ದ ಕಾಲದಲ್ಲಿ ಇದು ಧೈರ್ಯದ ಕಾರ್ಯ. ೧೯೪೬ರ ಭೋರ್ ಸಮಿತಿಯು ಲೆಕ್ಕಹಾಕಿದಾಗ ಬ್ರಿಟಿಷ್ ಇಂಡಿಯಾದಲ್ಲಿ ಶಿಕ್ಷಿತ ದಾದಿಯರು ಸುಮಾರು ೭,೦೦೦ ಮಾತ್ರ. ೪೩,೦೦೦ ಜನರಿಗೆ ಒಬ್ಬಳಂತಾಯಿತು. ಮರುವರ್ಷವೇ ಶುಶ್ರೂಷಾಪರಿಷತ್ತಿನ ಕಾಯಿದೆಯಾಯಿತು. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಪ್ರಾರಂಭವಾದ ಮೇಲೆ ಈ ಸೀಮೆಗೆ ದೊಡ್ಡ ಆಸ್ಪತ್ರೆಯ ಸಾಧನಗಳು ಬಂದವು.

ಯಂತ್ರವು ಹೆಚ್ಚಿದರೆ ದಾದಿಯರು ಕಡಿಮೆ ಸಾಕೆಂಬ ಮೊದಲ ಪಕ್ಷಕ್ಕೆ ಆ ಪರಿಷತ್ತಿನ ಪ್ರಮಾಣವೇ ಉತ್ತರ. ಬೋಧನಾಲಯಗಳ ಸಾಮಾನ್ಯ ವಿಭಾಗದಲ್ಲಿ ಮೂವರು ರೋಗಿಗಳಿಗೆ ಒಬ್ಬ ದಾದಿ. ಯಂತ್ರಗಳು ಕಿಕ್ಕಿರಿದ ತೀವ್ರನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬ ದಾದಿ. ತೀವ್ರನಿಗಾ ಘಟಕದ ಹುಟ್ಟೂ ಇದನ್ನೇ ಹೇಳುತ್ತದೆ. ೧೯೫೨ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿ ಉಸಿರಾಡಲಾರದ ರೋಗಿಗಳು ತುಂಬಿಹೋದಾಗ ಯಂತ್ರಗಳು ಸಾಲಲಿಲ್ಲ. ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯನ ಸೂಚನೆಯಂತೆ ಸುಮಾರು ೧,೫೦೦ ವಿದ್ಯಾರ್ಥಿಗಳು ಸರದಿಯ ಮೇಲೆ ಹಾಸಿಗೆಯ ಪಕ್ಕದಲ್ಲಿ ಕುಳಿತು, ರಬ್ಬರಿನ ಚೀಲವನ್ನು ಕೈಯಿಂದ ಹಿಚುಕಿ, ವಾರಗಟ್ಟಲೆ ಹಗಲಿರುಳು ಉಸಿರನ್ನು ಊಡಿದರು. ವೆಂಟಿಲೇಟರ್ ಯಂತ್ರವು ಮುಂದೆ ಆ ಕೈಗಳ ದಣಿವನ್ನು ತಾನು ವಹಿಸಿಕೊಂಡಿತು. ಅದರಿಂದಾದ ಲಾಭವು ಅಪಾರ. ಆದರೆ ಪಕ್ಕದಲ್ಲಿ ಕುಳಿತವರ ಕಣ್ಣನ್ನು ಅದು ವಹಿಸಿಕೊಳ್ಳಲಿಲ್ಲ. ಕಫವನ್ನು ತೆಗೆಯುವದು, ರೋಗಿಯನ್ನು ಮಗ್ಗುಲಿಗೆ ಹೊರಳಿಸುವದು, ನಳಿಕೆಯು ಸರಿಯಿದೆಯೇ ಎಂದು ನೋಡುವದು ಇವು ಇಂದಿಗೂ ದಾದಿಯ ಕೆಲಸಗಳೇ. ೨೦೨೦–೨೧ರಲ್ಲಿ ದೇಶದ ಹಲವು ಕಡೆ ವೆಂಟಿಲೇಟರುಗಳು ಬಂದೂ ನಡೆಸಬಲ್ಲವರಿಲ್ಲದೆ ಮೂಲೆಸೇರಿದ್ದು ಕುಂಬಾರನಿಲ್ಲದ ಚಕ್ರದ ದೃಷ್ಟಾಂತವನ್ನು ಅಕ್ಷರಶಃ ನಿಜಗೊಳಿಸಿತು.

ಯಂತ್ರದ ಎಚ್ಚರಿಕೆಯ ಗಂಟೆಯೂ ಹೀಗೆಯೇ. ಅದು ಮರೆಯದೆ ಬಾರಿಸುತ್ತದೆ. ಆದರೆ ಯಾವಾಗ ಬಾರಿಸಬಾರದೆಂಬದನ್ನು ಅರಿಯದು. ಅಮೇರಿಕದ ಆಸ್ಪತ್ರೆಗಳ ಮಾನ್ಯತಾ ಮಂಡಲವು ೨೦೧೩ರಲ್ಲಿ, ಇಂಥ ಗಂಟೆಗಳಲ್ಲಿ ನೂರಕ್ಕೆ ೮೫ರಿಂದ ೯೯ರಷ್ಟಕ್ಕೆ ಚಿಕಿತ್ಸೆಯ ಕ್ರಮವೇನೂ ಬೇಕಾಗುವದಿಲ್ಲವೆಂದು ಎಚ್ಚರಿಸಿತು. ಸುಳ್ಳು ಗಂಟೆಗಳ ನಡುವೆ ದಿನವಿಡೀ ಇರುವ ಕಿವಿಯು ನಿಜವಾದ ಗಂಟೆಗೂ ಮಂದವಾಗುತ್ತದೆ. ಕೇಳಲಿಚ್ಛಿಸುವದೇ ಶುಶ್ರೂಷೆಯಾದರೆ, ಆ ಇಚ್ಛೆಯನ್ನು ಸವೆಸುವ ಸಾಧನವು ಎಷ್ಟೇ ಕುಶಲವಾದರೂ ತನ್ನ ಪಾದದ ಮೇರೆಯನ್ನು ಮೀರಿತೆನ್ನಬೇಕು.

೭. ದ್ರವ್ಯದ ಪರೀಕ್ಷೆ

ಪರಿಚಾರಕನ ಗುಣಗಳಂತೆಯೇ ದ್ರವ್ಯದ ಗುಣಗಳನ್ನೂ ಪರೀಕ್ಷಿಸಬೇಕು. ಯೋಗ್ಯತೆಯೆಂಬ ಗುಣಕ್ಕೆ, ಮೊದಲು ಹೇಳಿದ ಬೆರಳಿನ ಸಾಧನವೇ ಉದಾಹರಣೆ. ಜಪಾನದ ತಕುವೊ ಅಓಯಾಗಿ ಎಂಬ ಯಂತ್ರಶಿಲ್ಪಿಯು ೧೯೭೪ರಲ್ಲಿ ಪ್ರಕಟಿಸಿದ ತತ್ತ್ವದ ಮೇಲೆ ಪಲ್ಸ್ ಆಕ್ಸಿಮೀಟರ್ ರೂಪುಗೊಂಡಿತು. ಚರ್ಮವನ್ನು ಚುಚ್ಚದೆ ಬೆಳಕಿನಿಂದಲೇ ರಕ್ತದ ಪ್ರಾಣವಾಯುವನ್ನು ತಿಳಿಸುವ ಇದರಿಂದ ಉಳಿದ ಪ್ರಾಣಗಳು ಅಸಂಖ್ಯ. ಆದರೆ ೨೦೨೦ರ ಕಡೆಯಲ್ಲಿ ಅಮೇರಿಕದಲ್ಲಿ ಪ್ರಕಟವಾದ ಒಂದು ಪರಿಶೀಲನೆಯು, ಕಪ್ಪು ಮೈಬಣ್ಣದವರಲ್ಲಿ ಇದು ಪ್ರಾಣವಾಯುವಿನ ಕೊರತೆಯನ್ನು ಕಾಣದೆಹೋಗುವ ಸಂಭವವು ಬಿಳಿಯರಿಗಿಂತ ಸುಮಾರು ಮೂರುಪಟ್ಟು ಎಂದು ತೋರಿಸಿತು. ಕನ್ನಡನಾಡಿನ ಬಿಸಿಲಿನಲ್ಲಿ ದುಡಿಯುವ ಕಪ್ಪು ಮೈಯ ರೈತನ ಬೆರಳಿಗೆ ಇದನ್ನು ಸಿಕ್ಕಿಸುವವರು ಅಂಕಿಯನ್ನಷ್ಟೇ ನೋಡದೆ ಅವನ ತುಟಿಯನ್ನೂ ಏದುಸಿರನ್ನೂ ನೋಡಬೇಕು, ಹೇಗಿದೆಯೆಂದು ಕೇಳಬೇಕು. ಆರೈಕೆಯೆಂಬ ಅಚ್ಚಗನ್ನಡದ ಶಬ್ದವು ವಿಧಿಸುವದು ಇದನ್ನೇ.

ಬಹುವಿಧವಾಗಿ ಅಳವಡುವ ಗುಣಕ್ಕೆ ಎರಡು ಉದಾಹರಣೆಗಳು ಸಾಕು. ೧೯೫೬ರ ಸುಮಾರಿಗೆ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ದಾದಿಯು ಎಳೆಯ ಶಿಶುಗಳನ್ನು ಬೆಚ್ಚನೆಯ ದಿನಗಳಲ್ಲಿ ಅಂಗಳಕ್ಕೆ ತರುತ್ತಿದ್ದಳು. ಕಾಮಾಲೆಯ ಶಿಶುವೊಂದರ ಮೈಯಲ್ಲಿ ಬಿಸಿಲು ಬಿದ್ದ ಭಾಗವು ತಿಳಿಯಾಗಿ, ಬಟ್ಟೆ ಮುಚ್ಚಿದ ಭಾಗ ಮಾತ್ರ ಹಳದಿಯಾಗಿ ಉಳಿದದ್ದನ್ನು ಆಕೆ ಕಂಡು ವೈದ್ಯರಿಗೆ ತೋರಿಸಿದಳು. ಅದರಿಂದ ಹೊರಟ ವಿಚಾರವು ೧೯೫೮ರಲ್ಲಿ ಪ್ರಕಟವಾಗಿ, ಇಂದು ಕಾಮಾಲೆಯ ಶಿಶುಗಳನ್ನು ಮಲಗಿಸುವ ದೀಪದ ಯಂತ್ರವಾಯಿತು. ಯಂತ್ರವು ಶುಶ್ರೂಷೆಗೆ ಹೊರಗಿನಿಂದ ಬಂದ ಶತ್ರುವೆಂಬ ಎರಡನೆಯ ಪಕ್ಷವು ಇಲ್ಲಿ ನಿಲ್ಲಲಾರದು. ದಾದಿಯ ಕಣ್ಣೇ ಈ ಯಂತ್ರದ ತಾಯಿ.

ಇನ್ನೊಂದು, ಬಡವರ ಪಾಲಿಗೆ ಒದಗಿದ ಉಪಾಯ. ೧೯೭೮ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಬೆಚ್ಚನೆಯ ಪೆಟ್ಟಿಗೆಗಳು ಸಾಲದೆ ಬಂದಾಗ, ಎಡ್ಗರ್ ರೇ ಎಂಬ ವೈದ್ಯನು ಚಿಕ್ಕ ಶಿಶುವನ್ನು ತಾಯಿಯ ಎದೆಗೇ ಕಟ್ಟಿ ಬೆಚ್ಚಗಿಡುವ ಕ್ರಮವನ್ನು ತಂದನು. ಕಾಂಗರೂ ಆರೈಕೆಯೆಂದು ಅದಕ್ಕೆ ಹೆಸರು. ೨೦೨೧ರಲ್ಲಿ ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ಪರೀಕ್ಷೆಯ ಫಲವು ಪ್ರಕಟವಾಗಿ, ಹುಟ್ಟಿದೊಡನೆಯೇ ಇದನ್ನು ತೊಡಗಿದರೆ ಶಿಶುಮರಣವು ನೂರಕ್ಕೆ ೨೫ರಷ್ಟು ಇಳಿಯುವದೆಂದು ಕಂಡಿತು. ಧಾರವಾಡಕ್ಕೆ ಮೂಡಲಿನ ಕೊಪ್ಪಳ ಜಿಲ್ಲೆಯಲ್ಲಿ ೨೦೧೬ರಿಂದ ಮುಂದಿನ ವರ್ಷಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನ ಸಂಸ್ಥೆಯವರು ಸರಕಾರದ ಆಸ್ಪತ್ರೆಗಳೊಡನೆ ಕೂಡಿ ಇದನ್ನು ಜಿಲ್ಲೆಯಾದ್ಯಂತ ರೂಢಿಗೆ ತರುವ ಯತ್ನಮಾಡಿದರು. ಇಲ್ಲಿ ಅನುರಾಗವೇ ಸಾಧನವಾಯಿತು. ಆದರೂ ತಾಯಿಗೆ ಹೇಳಿಕೊಟ್ಟು, ಶಿಶುವಿನ ಉಸಿರನ್ನು ಕಾಯುವ ಬಲ್ಲ ದಾದಿಯಿಲ್ಲದೆ ಇದೂ ನಡೆಯದು.

ದೂರದ ವೈದ್ಯನನ್ನು ಬಳಿಗೆ ತರುವ ಸಾಧನದ ಮಾತೂ ಬೇರೆಯಲ್ಲ. ೨೦೦೨ರಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಕೂಡಿಸಿದಾಗ, ಹೃದ್ರೋಗಿಯು ಊರು ಬಿಡದೆಯೇ ತಜ್ಞರ ಸಲಹೆಯನ್ನು ಪಡೆಯುವಂತಾಯಿತು. ಆದರೆ ಎದೆಯ ಮೇಲೆ ತಂತಿಗಳನ್ನು ಅಂಟಿಸುವದಕ್ಕೂ ರೋಗಿಯ ಅಂಜಿಕೆಯನ್ನು ಬಿಡಿಸುವದಕ್ಕೂ ಈ ತುದಿಯಲ್ಲಿ ಒಬ್ಬರು ಬಳಿಗೆ ಹೋಗಲೇಬೇಕು. ವೈದ್ಯನು ದೂರದಲ್ಲಿರಬಹುದು, ಉಪಚಾರವು ದೂರದಲ್ಲಿರಲಾರದು.

೮. ನಿರ್ಣಯ

ಇಷ್ಟು ವಿಚಾರದಿಂದ ಎರಡು ಪಕ್ಷಗಳೂ ಏಕದೇಶೀಯವೆಂದು ಸಿದ್ಧವಾಗುತ್ತದೆ. ಯಂತ್ರವು ಪರಿಚಾರಕನ ದಾಕ್ಷ್ಯವನ್ನು ಹೆಚ್ಚಿಸುತ್ತದೆ, ಜ್ಞಾನಕ್ಕೆ ಹೊಸ ಕಣ್ಣನ್ನು ಕೊಡುತ್ತದೆ, ಅವನ ದೇಹವನ್ನು ಸೋಂಕಿನಿಂದ ಕಾಯುತ್ತದೆ. ಇದು ಅದರ ಪ್ರಯೋಜನ. ಹೊಸ ಹೊಸ ಶೌಚವನ್ನೂ ಹೊಸ ಶಿಕ್ಷಣವನ್ನೂ ಹೆಚ್ಚಿನ ಎಚ್ಚರವನ್ನೂ ಬೇಡುತ್ತದೆ. ಇದು ಅದರ ಭಾರ. ಆ ಭಾರವನ್ನು ಹೊರುವವರನ್ನು ಕೊಡದೆ ಯಂತ್ರವನ್ನು ಮಾತ್ರ ಕೊಡುವ ಆಡಳಿತವು, ತಿರುಮುಕ್ಕೂಡಲಿನ ಶಾಸನವು ಮಾಡಿದ್ದಕ್ಕಿಂತಲೂ ಕಡಿಮೆಯನ್ನೇ ಮಾಡಿದಂತಾಗುವದು. ಹೆಸರು ಹೇಳದಿದ್ದರೂ ಆ ಶಾಸನವು ಹದಿನೈದು ಹಾಸಿಗೆಗಳಿಗೆ ಇಬ್ಬರು ಪರಿಚಾರಿಕೆಯರನ್ನು ಮೊದಲು ನಿಯಮಿಸಿ ಅವರ ಜೀವನಕ್ಕೆ ಬತ್ತವನ್ನು ಕಟ್ಟಿತ್ತು.

ರೋಗಿಯ ಗುಣಗಳಲ್ಲಿ ಕಡೆಯದು ತನ್ನ ಬಾಧೆಯನ್ನು ತಿಳಿಯಹೇಳುವ ಶಕ್ತಿಯೆಂದು ಶಾಸ್ತ್ರವು ಹೇಳಿತಷ್ಟೆ. ಹೇಳುವವನಿದ್ದರೆ ಕೇಳುವವರೂ ಇರಬೇಕು. ಆ ಕೇಳುವ ಇಚ್ಛೆಗೇ ಶುಶ್ರೂಷೆಯೆಂದು ಹೆಸರು. ಯಂತ್ರವು ನಾಡಿಯನ್ನು ಎಣಿಸಿ ಕೊಟ್ಟ ಸಮಯವನ್ನು ದಾದಿಯು ಆ ಕೇಳುವಿಕೆಗೆ ಕೊಡುವಂತಾದರೆ ಯಂತ್ರವು ಸಾರ್ಥಕ. ಯಂತ್ರದ ಅಂಕಿಗಳನ್ನು ಬರೆದುಕೊಳ್ಳುವದರಲ್ಲಿಯೇ ಆ ಸಮಯವು ಕಳೆದುಹೋದರೆ, ಸಾಧನವು ಎಷ್ಟು ಬೆಲೆಯದಾದರೂ ರೋಗಿಯು ಮೂರೇ ಪಾದಗಳ ಚಿಕಿತ್ಸೆಯನ್ನು ಪಡೆದನೆಂದು ಹೇಳಬೇಕಾಗುವದು.